ಪವಿತ್ರಾಳ ಅಪ್ಪನ ಹೆಸರು

ನಮ್ಮ ಕೆಲಸದ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಹಳ್ಳಿಗಳಲ್ಲಿ ಕಿವುಡು ಮಕ್ಕಳು ಭಾಷೆಯೇ ಇಲ್ಲದೆ ಮೂಲೆಯಲ್ಲಿ ಕೂತಿದ್ದವು. ನಾವು ಹೋಗಿ ಕಿವಿಗೆ ಮಿಷನ್ನು ಹಾಕಿದೆವು. ಬಾಯಿಗೆ ಮಾತು ಕೊಟ್ಟೆವು. ನಾನು ನಿವೃತ್ತಳಾದ ದಿನ ಶಾಲು ಹೊದಿಸಿದವರು ಇದನ್ನೇ ಹೇಳಿದರು. ಹೊಸದಾಗಿ ಸೇರುವವರ ತರಬೇತಿಗೆ ನನ್ನನ್ನು ಕರೆದಾಗ ಪರಿಚಯ ಮಾಡಿಕೊಡುವವರೂ ಇದನ್ನೇ ಹೇಳುತ್ತಾರೆ. ಈ ಕಥೆಯಲ್ಲಿ ಮೂರು ಮಾತುಗಳಿವೆ. ಎರಡನೆಯದು ನಿಜ. ಮೂರನೆಯದು ಅರ್ಧ ನಿಜ. ಮೊದಲನೆಯದು ಸುಳ್ಳು.

ಸುಳ್ಳು ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇತ್ತು. ಆ ಸಾಕ್ಷಿಯನ್ನು ಎರಡು ವರ್ಷ ಜಗಲಿಯ ಮೇಲೆ ಕೂರಿಸಿ ಒಳಗೆ ಬಾಗಿಲು ಹಾಕಿಕೊಂಡವಳೂ ನಾನೇ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಲಿ, ಒಪ್ಪದಿದ್ದರೆ ಜಗಳವಾಡಲಿ ಅಂತ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ತೊಂಬತ್ತರ ದಶಕದ ಆರಂಭ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾವ ವಿಷಯ ಕೊಟ್ಟರೂ ಪರ, ವಿರೋಧ ಎರಡೂ ಕಡೆ ನಿಂತು ಮಾತಾಡುವ ಚಟ ಹತ್ತಿತ್ತು. ಹರಕೆ, ಜಾತಕ, ಹಿರಿಯರ ಮಾತು, ಯಾವುದನ್ನೂ ಆಧಾರ ಕೇಳದೆ ಒಪ್ಪುತ್ತಿರಲಿಲ್ಲ. ಒಪ್ಪಿದ್ದು ಒಂದನ್ನೇ, ನನ್ನ ತರಬೇತಿಯ ಪುಸ್ತಕವನ್ನು. ಅದಕ್ಕೂ ಆಧಾರ ಕೇಳಬೇಕು ಅಂತ ಹೊಳೆಯಲೇ ಇಲ್ಲ.

ನಮ್ಮದು ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ. ಶ್ರೀರಂಗಪಟ್ಟಣದಲ್ಲಿ, ಗಂಜಾಂ ಕಡೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಕೋಣೆ ಕಚೇರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕು ನನ್ನ ಪಾಲಿಗೆ. ಬಸ್ಸು ಹೋಗುವ ತನಕ ಬಸ್ಸು, ಅಲ್ಲಿಂದ ಕಾಲು. ಕಿವಿ ಕೇಳದ ಮಕ್ಕಳನ್ನು ಹುಡುಕುವುದು, ಪರೀಕ್ಷೆಗೆ ಕರೆದೊಯ್ಯುವುದು, ಮಿಷನ್ನು ಕೊಡಿಸುವುದು, ಆಮೇಲೆ ವಾರಕ್ಕೊಮ್ಮೆ ಮನೆಗೆ ಹೋಗಿ ಮಗುವಿಗೆ ಮಾತು ಕಲಿಸುವುದು ಹೇಗೆಂದು ತಾಯಿಗೆ ಕಲಿಸುವುದು. ಆಗಿನ ಮಿಷನ್ನು ಈಗಿನ ಹಾಗೆ ಕಿವಿಯ ಹಿಂದೆ ಅಡಗುವಂಥದ್ದಲ್ಲ. ಎದೆಯ ಮೇಲೊಂದು ಪೆಟ್ಟಿಗೆ, ಅದನ್ನು ಕೂರಿಸಲು ರವಿಕೆ ಬಟ್ಟೆಯಲ್ಲಿ ಹೊಲಿದ ಚೀಲ, ಅಲ್ಲಿಂದ ಕಿವಿಗೆ ವೈರು. ಬೆಳಗೊಳದಲ್ಲಿ ಒಂದು ಕರು ಆ ವೈರನ್ನು ಮೇದಿತ್ತು. ಮುದ್ದೆ ತಿನ್ನುವಾಗ ಪೆಟ್ಟಿಗೆಯ ಒಳಕ್ಕೆ ಸಾರು ಹೋಗುತ್ತಿತ್ತು. ಅವನ್ನೆಲ್ಲ ಬೆಸುಗೆ ಹಾಕಿ ರಿಪೇರಿ ಮಾಡಿಕೊಡುತ್ತಿದ್ದವರು ನಮ್ಮ ಮೇಲ್ವಿಚಾರಕರು, ಶ್ರೀಕಂಠಯ್ಯನವರು.

ಅವರ ಬಗ್ಗೆ ಮುಂದೆ ಜಗಳ ಬರೆಯುವುದಿದೆ. ಅದಕ್ಕೇ ಅವರು ಎಂಥವರು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾಗಮಂಗಲದ ಕಡೆ ಒಂದು ಹಳ್ಳಿಯಲ್ಲಿ ಮೂರು ವರ್ಷದ ಗಂಡು ಮಗು. ನಾನು ಅದರ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದೆ. ಮಗು ತಿರುಗಿತು. ಮೆಲ್ಲಗೆ ಹೊಡೆದರೂ ತಿರುಗಿತು. ‘ಕೇಳಿಸುತ್ತದೆ, ಮಾತು ತಡ’ ಅಂತ ಬರೆದು ಬಂದೆ. ಎಂಟು ತಿಂಗಳು ಆ ಮನೆಗೆ ಹೋಗಲಿಲ್ಲ. ಹೋದಾಗ ಅದೇ ಪರೀಕ್ಷೆ ಮತ್ತೆ ಮಾಡಿದೆ, ಮಗು ತಿರುಗಲಿಲ್ಲ. ಆಗ ಗೊತ್ತಾಯಿತು: ಮೊದಲ ಸಲ ಮಗುವಿನ ಎದುರಿಗೆ ತಾತ ಕೂತಿದ್ದರು. ತಟ್ಟೆ ಸದ್ದಾದಾಗಲೆಲ್ಲ ಅವರು ಹುಬ್ಬು ಎತ್ತಿ ನನ್ನ ಕಡೆ ನೋಡುತ್ತಿದ್ದರು. ಮಗು ತಾತನ ಕಣ್ಣು ನೋಡಿ ತಿರುಗುತ್ತಿತ್ತು. ಎರಡನೆಯ ಸಲ ತಾತ ಗದ್ದೆಗೆ ಹೋಗಿದ್ದರು.

ಹೆದರುತ್ತಾ ಶ್ರೀಕಂಠಯ್ಯನವರಿಗೆ ಹೇಳಿದೆ. ಅವರು ಬೈಯಲಿಲ್ಲ. ಮರುದಿನ ನನ್ನ ಜೊತೆ ಬಸ್ಸು ಹತ್ತಿ, ಆ ಮನೆಯ ಜಗಲಿಯಲ್ಲಿ ಕೂತು ತಾತನಿಗೆ ಕೈಮುಗಿದು, "ತಪ್ಪು ನಮ್ಮದು ಯಜಮಾನ್ರೆ" ಅಂದರು.

"ತಪ್ಪೇನ್ ಬುಡಿ ಸ್ವಾಮಿ" ಅಂದರು ತಾತ. "ಅವತ್ತು ಕೇಳ್ತದೆ ಅಂದ್ರಿ, ಇವತ್ತು ಕೇಳಾಕಿಲ್ಲ ಅಂತೀರಿ. ಇದಾರ ಗ್ಯಾರಂಟಿನಾ, ಇಲ್ಲಾ ನಾ ಇನ್ನೊಂದ್ ಕಿತ ಗದ್ದೆಗ್ ಓಗ್ ಬರ್ಬೇಕಾ?"

ಮೇಲಧಿಕಾರಿಯೊಬ್ಬರು ಕೆಳಗಿನವಳ ತಪ್ಪಿಗೆ ಹಳ್ಳಿಯ ಜಗಲಿಯಲ್ಲಿ ಕೂತು ಕ್ಷಮೆ ಕೇಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಕೆ.ಆರ್. ಪೇಟೆಯ ಹತ್ತಿರದ ಇನ್ನೊಂದು ಮನೆ. ಅಲ್ಲಿನ ಅಜ್ಜಿ ಮೊಮ್ಮಗಳ ನಾಲಗೆಗೆ ದಿನಾ ಬಜೆ ತೇಯ್ದು ಹಚ್ಚುತ್ತಿದ್ದರು, ಮಾತು ಬರಲಿ ಅಂತ. ನಾನು ಇಡೀ ಮನೆಯವರನ್ನು ನಡುಮನೆಯಲ್ಲಿ ಕೂರಿಸಿ ವಾದಕ್ಕಿಳಿದೆ. ತೊಂದರೆ ಇರುವುದು ಕಿವಿಯಲ್ಲಿ, ಔಷಧಿ ಹಚ್ಚುತ್ತಿರುವುದು ನಾಲಗೆಗೆ. ಕಾಲು ಮುರಿದವನ ಕೈಗೆ ಪಟ್ಟಿ ಕಟ್ಟುತ್ತೀರಾ? ಅರ್ಧ ಗಂಟೆಯಲ್ಲಿ ಯಾರ ಹತ್ತಿರವೂ ಉತ್ತರ ಉಳಿಯಲಿಲ್ಲ. ಮುಂದಿನ ವಾರ ಹೋದರೆ ಬೀಗ. ಅದರ ಮುಂದಿನ ವಾರವೂ ಬೀಗ. ಪಕ್ಕದ ಮನೆಯವಳು ಹಿಟ್ಟು ಜರಡಿಯಾಡುತ್ತಾ, "ನೀವು ಬತ್ತೀರಿ ಅಂತಾನೇ ಬೆಳಿಗ್ಗೇನೇ ಒಲದ ತಾವ್ಕೆ ಒಂಟೋದ್ರು ಕನವ್ವ" ಅಂದಳು.

"ವಾದ ಗೆದ್ದಿದ್ದಕ್ಕೆ ಅವರು ನಿಮಗೊಂದು ಕಪ್ ಕೊಟ್ಟು ಕಳಿಸಬೇಕಿತ್ತು ವಿಮಲಾ" ಅಂದರು ಶ್ರೀಕಂಠಯ್ಯ, ಬೆಸುಗೆ ಕಡ್ಡಿಯಿಂದ ತಲೆ ಎತ್ತದೆ.

ಇಷ್ಟು ತಿಳಿದವರಿಗೆ ಒಂದೇ ಒಂದು ಕಟ್ಟುನಿಟ್ಟಿತ್ತು. ಕೈಸನ್ನೆ ಕೂಡದು. "ಕೈ ಎದ್ದರೆ ನಾಲಗೆ ಮಲಗುತ್ತೆ" ಅನ್ನುವುದು ಅವರ ಮಾತು. ಅವರೊಬ್ಬರ ಮಾತೂ ಅಲ್ಲ ಅದು. ಆ ಕಾಲದಲ್ಲಿ ನಮಗೆ ಪಾಠ ಹೇಳಿದವರೆಲ್ಲರ ಮಾತು. ಮಗುವಿಗೆ ಕೈಯಲ್ಲಿ ಹೇಳುವುದು ಸುಲಭವಾದರೆ ಬಾಯಲ್ಲಿ ಹೇಳಲು ಯಾಕೆ ಕಷ್ಟಪಡುತ್ತದೆ? ಕೇಳಲು ಎಷ್ಟು ಅಚ್ಚುಕಟ್ಟಾದ ತರ್ಕ. ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಆ ತರ್ಕವನ್ನು ಹಿಡಿದುಕೊಂಡೇ ನಾನು ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಕೆಳಗಿನ ಒಂದು ಮನೆಗೆ ಹೋದದ್ದು.

ಆ ಮನೆಯ ಯಜಮಾನ ಮಾದೇಗೌಡ. ಸುತ್ತಿನ ಆಲೆಮನೆಗಳಲ್ಲಿ ಬೆಲ್ಲದ ಪಾಕ ನೋಡುವುದರಲ್ಲಿ ಹೆಸರುವಾಸಿ. ಕೊಪ್ಪರಿಗೆ ಇಳಿಸುವ ಗಳಿಗೆಯನ್ನು ಅವನೇ ಹೇಳಬೇಕು. ಹೆಂಡತಿ ಜಯಮ್ಮ, ನನಗಿಂತ ಒಂದೆರಡು ವರ್ಷ ದೊಡ್ಡವಳು. ಮಾದೇಗೌಡನ ತಾಯಿ ಕೆಂಪಮ್ಮ. ಮಗಳು ಪವಿತ್ರ, ಐದು ವರ್ಷ, ಹುಟ್ಟು ಕಿವುಡು. ಮಿಷನ್ನು ಹಾಕಿದರೂ ಅವಳಿಗೆ ಕೇಳಿಸುತ್ತಿದ್ದದ್ದು ಬಹಳ ಕಡಿಮೆ, ಟ್ರಾಕ್ಟರಿನ ಸದ್ದು, ಹತ್ತಿರದಲ್ಲಿ ಬಡಿದ ಬಾಗಿಲು.

ಮೊದಲ ದಿನ ಆ ಮನೆಯ ಅಂಗಳದಲ್ಲಿ ಕಂಡದ್ದನ್ನು ಮರೆಯಲಾರೆ. ಕೆಂಪಮ್ಮ ಮೊಮ್ಮಗಳ ಎದುರು ಕುಕ್ಕರಗಾಲಲ್ಲಿ ಕೂತು ಏನೋ ಹೇಳುತ್ತಿದ್ದರು, ಒಂದು ಸದ್ದಿಲ್ಲದೆ. ಎಮ್ಮೆ ಹಗ್ಗ ಕಿತ್ತುಕೊಂಡದ್ದು, ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿದ್ದು, ಪಕ್ಕದವ ಕೋಲು ಹಿಡಿದು ಬಂದದ್ದು, ಅವನ ಪಂಚೆ ಬೇಲಿಗೆ ಸಿಕ್ಕಿದ್ದು. ಇದಷ್ಟೂ ವಿವರವಾಗಿ ಆ ಭಾಷೆ ಬಾರದ ನನಗೂ ತಿಳಿಯಿತು. ಪವಿತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾ ನಡುನಡುವೆ ಕೈಯಲ್ಲೇ ಪ್ರಶ್ನೆ ಹಾಕುತ್ತಿದ್ದಳು. ಕೆಂಪಮ್ಮನ ತಂಗಿಯೊಬ್ಬಳು ಹುಟ್ಟು ಕಿವುಡಿಯಂತೆ, ತೀರಿಹೋಗಿದ್ದಳು. ಅಕ್ಕತಂಗಿಯರು ಚಿಕ್ಕಂದಿನಿಂದ ಕಟ್ಟಿಕೊಂಡ ಸನ್ನೆಗಳು ಅವು. ಪವಿತ್ರ ಹುಟ್ಟಿದ ಮೇಲೆ ಕೆಂಪಮ್ಮ ಅವನ್ನು ಸೊಸೆಗೂ ಕಲಿಸಿದ್ದರು.

ನಾನು ಕಂಡದ್ದು ಭಾಷೆ. ಪುಸ್ತಕದಲ್ಲಿ ಬರೆದುಕೊಂಡದ್ದು: ‘ಮನೆಯಲ್ಲಿ ಕೈಸನ್ನೆಯ ಅಭ್ಯಾಸ ವಿಪರೀತ. ತಕ್ಷಣ ನಿಲ್ಲಿಸಬೇಕು.’

ಮುಂದಿನ ವಾರದಿಂದ ಪಾಠ. ಒಳಮನೆಯಲ್ಲಿ ಬೆಳಕು ಮುಖಕ್ಕೆ ಬೀಳುವ ಹಾಗೆ ಜಯಮ್ಮನನ್ನು ಕೂರಿಸಿ, ಎದುರಿಗೆ ಪವಿತ್ರಾಳನ್ನು ಕೈಕಟ್ಟಿ ಕೂರಿಸಿದೆ. ತಾಯಿ ತುಟಿ ತೋರಿಸಿ ಹೇಳಬೇಕು, ಮಗು ನೋಡಿ ಹೇಳಬೇಕು. ಕೆಂಪಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಮಗು ತಡವರಿಸಿದ ಕೂಡಲೇ ಬೆರಳು ಏಳುತ್ತಿತ್ತು. ಎರಡು ಸಲ ಹೇಳಿದೆ. ಮೂರನೆಯ ಸಲ, "ಅಜ್ಜಿ, ಪಾಠದ ಹೊತ್ತಲ್ಲಿ ನೀವು ಜಗಲಿ ಮೇಲೆ ಕೂತ್ಕೊಳ್ಳಿ. ಬೇರೆ ಹೊತ್ತಲ್ಲೂ ಕೈಯಲ್ಲಿ ಮಾತಾಡಿಸಬೇಡಿ" ಅಂದೆ.

"ನನ್ ಕೈಗೇನ್ ರೋಗ ಬಂದದಾ ಮಗಾ?"

"ರೋಗ ಅಲ್ಲ ಅಜ್ಜಿ. ಕೋಲು ಹಿಡ್ಕೊಂಡೇ ನಡೆದ್ರೆ ಕಾಲಿಗೆ ಬಲ ಬರೋದು ಯಾವಾಗ?"

"ಕೋಲ್ ಕಿತ್ಕಂಡ್ರೆ ಕಾಲ್ ಬಂದ್ಬುಡ್ತದಾ?"

ಸ್ಪರ್ಧೆಯಾಗಿದ್ದರೆ ಅಂಕ ಅವರಿಗೆ. ಆದರೆ ಅಲ್ಲಿ ತೀರ್ಪುಗಾರಳೂ ನಾನೇ ಆಗಿದ್ದೆ. ಜಯಮ್ಮ ಮೆಲ್ಲಗೆ, "ಅತ್ತೆನೂ ಕುಂತ್ಕಳ್ಳಿ ಬುಡಿ ಮೇಡಮ್ಮೋರೆ, ಒಂದ್ ಮೂಲೇಲಿ ಇರ್ತಾರೆ" ಅಂದಳು. ನಾನು ಆಗದು ಅಂದೆ. ಕೆಂಪಮ್ಮ ಎದ್ದು, ಎಲೆಯಡಿಕೆ ಚೀಲ ತೆಗೆದುಕೊಂಡು, "ನಿನ್ ಓದು ದೊಡ್ದು" ಅಂತ ನನಗೂ, "ಯೋಳ್ದಂಗೆ ಕೇಳಮ್ಮಿ ಜಯಿ" ಅಂತ ಸೊಸೆಗೂ ಹೇಳಿ ಹೊರಗೆ ಹೋದರು.

ಎರಡು ವರ್ಷ ಹೀಗೆ. ಜಯಮ್ಮನಷ್ಟು ಶ್ರದ್ಧೆಯ ತಾಯಿಯನ್ನು ನಾನು ನಾಲ್ಕು ತಾಲ್ಲೂಕಿನಲ್ಲಿ ನೋಡಲಿಲ್ಲ. ತನ್ನ ಕೈ ತಾನೇ ಏಳದಿರಲಿ ಅಂತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಿದ್ದಳು. ಹಾಲು ಕರೆಯುವಾಗ ಹಾಲು, ಹೂ ಕಟ್ಟುವಾಗ ಹೂ, ಬಸ್ಸು ಬಂದರೆ ಬಸ್ಸು. ಪವಿತ್ರಾಳ ಪದಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಶ್ರೀಕಂಠಯ್ಯನವರು ಸಭೆಗಳಲ್ಲಿ ಆ ಪಟ್ಟಿ ತೋರಿಸುತ್ತಿದ್ದರು. ಒಂದು ಬದಲಾವಣೆ ನನಗೆ ಕಂಡಿತ್ತು, ಬರೆದುಕೊಳ್ಳಲಿಲ್ಲ. ಹುಡುಗಿ ಪದ ಹೇಳುತ್ತಿದ್ದಳು, ಸಮಾಚಾರ ಹೇಳುವುದನ್ನು ಬಿಟ್ಟಿದ್ದಳು. ಮೊದಲೆಲ್ಲ ನಾನು ಹೋದ ಕೂಡಲೇ ಚೀಲ ಹಿಡಿದೆಳೆದು ಕೈಯಲ್ಲಿ ಏನೇನೋ ವರದಿ ಒಪ್ಪಿಸುತ್ತಿದ್ದವಳು, ಈಗ ಕೈಕಟ್ಟಿ ಕೂತು ತಾಯಿಯ ತುಟಿ ನೋಡುತ್ತಿದ್ದಳು.

ಪವಿತ್ರಾಳಿಗೆ ಏಳು ತುಂಬುವ ಹೊತ್ತಿಗೆ ಎಲ್ಲ ಒಂದು ದಿನದ ಮೇಲೆ ಬಂದು ನಿಂತಿತು. ನಗರದಲ್ಲಿ ಕಿವುಡು ಮಕ್ಕಳ ಒಂದು ವಸತಿ ಶಾಲೆ. ಕೆಲವೇ ಸೀಟು, ಏಳು ದಾಟಿದರೆ ತೆಗೆದುಕೊಳ್ಳುವುದಿಲ್ಲ, ಮಾತಿನ ಮೂಲಕ ಕಲಿಯಬಲ್ಲ ಮಕ್ಕಳಿಗೆ ಮಾತ್ರ. ಊರ ಶಾಲೆಯ ಮೇಷ್ಟರು ಆಗಲೇ, "ಕೂರಿಸ್ಕೊಳ್ಳೋಕೆ ಅಡ್ಡಿಯಿಲ್ಲಮ್ಮ, ಕಲಿಸೋದು ಹೇಗೆ ಅಂತ ನೀವೇ ಹೇಳಿ" ಅಂತ ಕೈಚೆಲ್ಲಿದ್ದರು. ಈ ಸೀಟು ಸಿಗದಿದ್ದರೆ ಪವಿತ್ರಾಳಿಗೆ ಓದು ಬರಹವೇ ಇಲ್ಲ. ಅದು ನನಗೂ ಗೊತ್ತಿತ್ತು, ಜಯಮ್ಮನಿಗೂ ಗೊತ್ತಿತ್ತು.

ಸಂದರ್ಶನದ ಕೋಣೆಯಲ್ಲಿ ಮೇಜಿನ ಆಚೆ ಒಬ್ಬ ಹಿರಿಯ ಶಿಕ್ಷಕಿ. ಕೆಟ್ಟವರಲ್ಲ. ಮುಖ ಬೆಳಕಿಗೆ ತಂದುಕೊಂಡು, ನಿಧಾನವಾಗಿ ತುಟಿ ಬಿಡಿಸಿ ಕೇಳುತ್ತಿದ್ದರು. ನಿನ್ನ ಹೆಸರೇನು? ಪವಿತ್ರ ಹೇಳಿದಳು, ಅರ್ಧ ಉಸಿರಿನಲ್ಲಿ, ಆದರೆ ತಿಳಿಯುವಂತೆ. ಚಿತ್ರ ತೋರಿಸಿದರೆ ಹಾಲು, ಹೂ, ಬಸ್ಸು ಎಲ್ಲವನ್ನೂ ಹೇಳಿದಳು. ಹತ್ತರವರೆಗೆ ಎಣಿಸಿದಳು. ನನ್ನ ಎದೆ ಉಬ್ಬಿತ್ತು.

"ಅಪ್ಪನ ಹೆಸರೇನು?"

ಪವಿತ್ರ ಪ್ರಶ್ನೆಯನ್ನು ಹಿಡಿದಳು, ಕಣ್ಣು ಅರಳಿತು. ಬಾಯಿ ತೆರೆದಳು, ಏನೂ ಬರಲಿಲ್ಲ. ತಾಯಿಯ ಕಡೆ ನೋಡಿದಳು. ಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದಳು. ಪವಿತ್ರ ಮೆಲ್ಲಗೆ ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳು ಜೋಡಿಸಿ, ಎಳೆ ಬಿಡಿಸುವ ಹಾಗೆ ದೂರ ಮಾಡಿದಳು. ಪಾಕದ ಎಳೆ ನೋಡುವ ಬೆರಳು. ಆ ಮನೆಯಲ್ಲಿ ಅದು ಮಾದೇಗೌಡನ ಹೆಸರು.

"ಕೈ ಬೇಡ" ಅಂದರು ಶಿಕ್ಷಕಿ. "ಬಾಯಲ್ಲಿ ಹೇಳು." ಆಮೇಲೆ ಜಯಮ್ಮನಿಗೆ, "ಅಮ್ಮಾ, ಒಂದು ಸಲ ನೀವೇ ಹೇಳಿಕೊಡಿ. ನಿಮ್ಮ ತುಟಿ ಅವಳಿಗೆ ಅಭ್ಯಾಸ. ತಂದೆ ಹೆಸರು ಹೇಳಿ, ಹಿಂದೆಯೇ ಹೇಳಲಿ. ಸಾಕು."

ಜಯಮ್ಮ ನನ್ನ ಕಡೆ ನೋಡಿದಳು. ಆ ನೋಟ ಏನೆಂದು ತಿಳಿಯಲು ನನಗೆ ಕೆಲವು ಗಳಿಗೆ ಬೇಕಾಯಿತು. ಗಂಡನ ಹೆಸರು. ಆ ಕಡೆಯ ಮನೆಗಳಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಇವ್ರು, ನಮ್ಮನೆಯೋರು, ಮಗೀನ್ ಅಪ್ಪ. ಇಷ್ಟರಲ್ಲೇ ಬದುಕು ಮುಗಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಅಮ್ಮನೂ ಹಾಗೇ. ಆದರೆ ಎರಡು ವರ್ಷ ಜಯಮ್ಮನ ತುಟಿಯೊಂದನ್ನೇ ಆ ಮಗುವಿಗೆ ಪಾಠಪುಸ್ತಕ ಮಾಡಿದವಳಿಗೆ, ಆ ಪುಸ್ತಕದಲ್ಲಿ ಒಂದು ಹಾಳೆ ಇಲ್ಲ ಅನ್ನುವುದು ಹೊಳೆದಿರಲಿಲ್ಲ.

"ಹೇಳಿ ಜಯಮ್ಮ" ಅಂದೆ. ದನಿ ಗಡುಸಾಗಿತ್ತು. "ಇದು ಮೂಢನಂಬಿಕೆಯ ಹೊತ್ತಲ್ಲ. ಹೇಳಿ."

ಜಯಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. ಸೆರಗು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಅದರ ಹಿಂದಿನಿಂದ, ನನಗೂ ಶಿಕ್ಷಕಿಗೂ ಸ್ಪಷ್ಟವಾಗಿ ಕೇಳುವ ಹಾಗೆ, "ಮಾದೇಗೌಡ" ಅಂದಳು.

ಕಿವಿ ಇದ್ದವರಿಗೆಲ್ಲ ಕೇಳಿಸಿತು. ಪವಿತ್ರಾಳಿಗೆ ಕಂಡದ್ದು ಒಂದು ಸೆರಗು.

ಶಿಕ್ಷಕಿ "ಇನ್ನೊಂದು ಸಲ, ಸೆರಗು ತೆಗೆದು" ಅಂದರು. ಜಯಮ್ಮ ತಲೆಯಾಡಿಸಿದಳು, ಆಗದು ಅಂತ. ಹೊರಗೆ ಇನ್ನೂ ಮಕ್ಕಳು ಕಾಯುತ್ತಿದ್ದವು. ಕಾಗದದ ಮೇಲೆ ಬರೆದದ್ದನ್ನು ನಾನು ತಲೆಕೆಳಗಾಗಿ ಓದಿದೆ: ತಂದೆಯ ಹೆಸರು ತಿಳಿಯದು. ಕೈಸನ್ನೆಯ ಅವಲಂಬನೆ.

ಆ ಒಂದು ಉತ್ತರದಿಂದಲೇ ಸೀಟು ಹೋಯಿತು ಅಂತ ನಾನು ಪ್ರಮಾಣ ಮಾಡಲಾರೆ. ಸೀಟು ಕಡಿಮೆ, ಮಕ್ಕಳು ಹೆಚ್ಚು. ಆದರೆ ಅಲ್ಲಿಯ ತನಕ ಪೆನ್ನು ಸರಿ ಗುರುತನ್ನೇ ಹಾಕುತ್ತಿತ್ತು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತು ಸಂಜೆಯೇ ಅಂಟಿಸಿದ ಪಟ್ಟಿಯಲ್ಲಿ ಪವಿತ್ರಾಳ ಹೆಸರು ಬರಲಿಲ್ಲ.

ವಾಪಸು ಬಸ್ಸಿನಲ್ಲಿ ನನ್ನ ಸಿಟ್ಟು ಇಳಿದಿರಲಿಲ್ಲ. "ಒಂದು ಹೆಸರು ಜಯಮ್ಮ. ಮ ಅಂದ್ರೆ ತುಟಿ ಮೇಲೇ ಕಾಣೋ ಅಕ್ಷರ. ಎರಡು ವರ್ಷದಲ್ಲಿ ಒಂದು ಸಲ ಹೇಳಿಕೊಡೋಕೆ ಆಗಲಿಲ್ವಾ?"

ಜಯಮ್ಮ ಸಿಟ್ಟಿಲ್ಲದೆ ಹೇಳಿದಳು.

"ಎರಡ್ ವರ್ಸ ಬಂದ್ರಿ. ಒಂದಿನಾರ ಕೇಳುದ್ರಾ, ಅಪ್ಪನ್ ಎಸ್ರ ಎಂಗ್ ಕಲಿಸ್ತಿದ್ದೀಯೆ ಅಂತ?"

"ಕೇಳಬೇಕಿತ್ತಾ?"

"ನಾ ಇವ್ರು ಅಂತೀನಿ. ಎಸ್ರ ಯೋಳಾಕೆ ನಮ್ಮತ್ತೆ ಅವ್ರೆ. ದಿನಕ್ಕೆ ಇಪ್ಪತ್ತ್ ಕಿತ ಕೂಗ್ತಾರೆ ಮಗನ್ನ. ಅವ್ರೂ ಕುಂತ್ಕಳ್ಳಿ ಅಂದೆ. ನೀವು ಜಗ್ಲಿಗ್ ಕಳ್ಸುದ್ರಿ."

ಆ ಮನೆಯಲ್ಲಿ ಮಾದೇಗೌಡನ ಹೆಸರು ಆಡಬಲ್ಲ ಬಾಯಿ, ಅವನದನ್ನು ಬಿಟ್ಟರೆ, ಒಂದೇ ಇತ್ತು. ಅದನ್ನು ನಾನು ಪಾಠದಿಂದ ಹೊರಗಿಟ್ಟಿದ್ದೆ, ಆ ಬಾಯಿಯ ಜೊತೆ ಎರಡು ಕೈ ಇದ್ದವು ಅನ್ನುವ ಕಾರಣಕ್ಕೆ.

ಅಷ್ಟರಲ್ಲಿ ಪವಿತ್ರ ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಏನೋ ಕೇಳಿದಳು. ಕೈಯಲ್ಲಿ. ಎರಡು ವರ್ಷದಲ್ಲಿ ನನ್ನ ಎದುರು ತಾಯಿಯನ್ನು ಹೀಗೆ ಕೇಳಿದ್ದು ಮೊದಲ ಸಲ. ಜಯಮ್ಮ ನನ್ನ ಮುಖ ನೋಡಿ, ಬೆರಳಿಗೆ ಸುತ್ತಿದ ಸೆರಗು ಬಿಚ್ಚಿ ಉತ್ತರ ಕೊಟ್ಟಳು. ಅದರಲ್ಲಿ ಆ ಬೆರಳಿನ ಎಳೆ ಎರಡು ಸಲ ಬಂತು, ಯಾವ ಸಂಕೋಚವೂ ಇಲ್ಲದೆ. ಅಪ್ಪ ಬಸ್ ನಿಲ್ದಾಣಕ್ಕೆ ಬರುತ್ತಾನೆ, ಅಪ್ಪ ಬೆಲ್ಲ ತರುತ್ತಾನೆ, ಅಂತ ಇರಬೇಕು. ಹೆಸರು ಹೇಳಬಾರದು ಅನ್ನುವ ಕಟ್ಟು ಇದ್ದದ್ದು ನಾಲಗೆಗೆ. ಕೈಗೆ ಯಾರೂ ಹಾಕಿರಲಿಲ್ಲ, ನನ್ನನ್ನು ಬಿಟ್ಟು. ತಂದೆಯ ಹೆಸರು ತಿಳಿಯದು ಅಂತ ಬರೆಸಿಕೊಂಡ ಮಗುವಿಗೆ ತಂದೆಯ ಹೆಸರು ನಡೆಯಲು ಕಲಿಯುವ ಮೊದಲೇ ಗೊತ್ತಿತ್ತು.

ಮರುದಿನ ಕಚೇರಿಯಲ್ಲಿ ಜಗಳ. ನಾನು ಎಲ್ಲ ಹೇಳಿ, ಕೈಸನ್ನೆ ನಿಷೇಧದ ನಿಯಮ ತೆಗೆಯಿರಿ ಅಂದೆ.

"ಒಂದು ಮನೆ ನೋಡಿ ನಿಯಮ ಬದಲಾಯಿಸೋಕಾಗುತ್ತಾ?" ಅಂದರು ಶ್ರೀಕಂಠಯ್ಯ.

"ನಿಯಮ ಎಲ್ಲಾ ಮನೆಗೂ ಸರಿ ಅಂತೀರಲ್ಲ ಸಾರ್. ಸುಳ್ಳು ಅನ್ನೋಕೆ ಒಂದು ಮನೆ ಸಾಕು."

"ಡಿಬೇಟಿಗೆ ಸಾಕು. ಹಾಗಾದ್ರೆ ನಿನ್ನೆವರೆಗೂ ನೀವೇ ಯಾಕೆ ಕೈ ಇಳಿಸಿ ಇಳಿಸಿ ಅಂತ ಓಡಾಡಿದ್ರಿ?"

"ನೀವು ಹೇಳಿದ್ರಿ ಅಂತ."

"ಆಧಾರ ಕೇಳದೆ ಏನೂ ಒಪ್ಪಲ್ಲ ಅನ್ನೋರು ನೀವು."

ಬೆಸುಗೆ ಕಡ್ಡಿ ಕಾದು ಹೊಗೆಯಾಡುತ್ತಿತ್ತು, ಅವರು ತೆಗೆಯಲಿಲ್ಲ. "ಇಷ್ಟು ವರ್ಷ ಕೈ ಕಟ್ಟಿಸಿದ ಮನೆಗಳಿಗೆಲ್ಲ ಈಗ ಹೋಗಿ ಏನಂತ ಹೇಳಲಿ ವಿಮಲಾ? ತಟ್ಟೆ ಬಡಿದ ತಪ್ಪಿಗೆ ಒಬ್ಬ ತಾತನಿಗೆ ಕೈಮುಗಿದೆ. ಇದಕ್ಕೆ ಎಷ್ಟು ಜನಕ್ಕೆ?" ಅಂದರು. ಆಮೇಲೆ, "ಆ ಒಂದು ಮನೆಯಲ್ಲಿ ನಿಮಗೆ ಸರಿ ಕಂಡಂತೆ ಮಾಡಿ. ವರದಿಯಲ್ಲಿ ಬೇಡ."

ಒಂದು ಮನೆ ಎರಡಾಯಿತು, ಆಮೇಲೆ ಹತ್ತಾಯಿತು. ವರದಿಯಲ್ಲಿ ಬರಲು ಮಾತ್ರ ಅವರು ನಿವೃತ್ತರಾಗಬೇಕಾಯಿತು. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹೊಸ ಮನೆಗೆ ಹೋದರೆ ಮಿಷನ್ನಿನ ಡಬ್ಬಿ ತೆರೆಯುವ ಮೊದಲು ಕೇಳುತ್ತಿದ್ದೆ: ಈ ಮಗುವಿಗೆ ಊಟಕ್ಕೆ ಬಾ ಅಂತ ಹೇಗೆ ಹೇಳುತ್ತೀರಿ? ಅಪ್ಪ ಎಲ್ಲಿ ಅಂತ ಅದು ಹೇಗೆ ಕೇಳುತ್ತದೆ? ಸುಳ್ಳು ಹೇಳಿದರೆ ಹೇಗೆ ಬೈಯುತ್ತೀರಿ? ಯಾರಿಗೆ ಹೆಚ್ಚು ಸನ್ನೆ ಬರುತ್ತದೋ ಅವರನ್ನು ಮೊದಲು ಕೂರಿಸಿ, ಆಮೇಲೆ ಪಾಠ. ನಿಮಗೆ ಇಂದು ಇದು ಪಠ್ಯದಲ್ಲೇ ಇದೆ. ಇದ್ದರೂ ಒಂದು ಮಾತು: ಪಠ್ಯದಲ್ಲಿರುವ ಸನ್ನೆಗಳನ್ನು ಹೊತ್ತುಕೊಂಡು ಹೋಗಿ ಮನೆಯ ಸನ್ನೆಗಳನ್ನು ಗುಡಿಸಿ ಹಾಕಿದರೆ ನೀವೂ ನಾನು ಮಾಡಿದ್ದನ್ನೇ ಮಾಡುತ್ತೀರಿ.

ಹಾಗಂತ ಮಿಷನ್ನು ಮೋಸ, ಮಾತು ಕಲಿಸುವುದು ತಪ್ಪು ಅನ್ನುವ ಪಕ್ಷಕ್ಕೆ ನನ್ನನ್ನು ಸೇರಿಸಬೇಡಿ. ಬೆಳಗೊಳದ ಆ ಕರು ಮೇದ ವೈರಿನ ಹುಡುಗನಿಗೆ ಸಾಕಷ್ಟು ಕಿವಿ ಉಳಿದಿತ್ತು. ಮಾತು ಕಲಿತ, ಇಂದು ಫೋನಿನಲ್ಲಿ ನನ್ನ ಜೊತೆ ಹರಟುತ್ತಾನೆ. ಒಬ್ಬನಿಗೆ ಒದಗಿದ್ದನ್ನು ಎಲ್ಲರಿಗೂ ಕಟ್ಟಿದ್ದು ನಮ್ಮ ತಪ್ಪು.

ಪವಿತ್ರಾಳಿಗೆ ಆಗಿದ್ದು ಇಷ್ಟು. ಕೆಂಪಮ್ಮನನ್ನು ಜಗಲಿಯಿಂದ ಒಳಗೆ ಕರೆಯಲು ನಾನೇ ಹೋದೆ. "ನನ್ ಕೈಗ್ ವಾಸಿ ಆಯ್ತಾ ಮಗಾ?" ಅಂದರು, ಅಷ್ಟೇ. ಮೂರು ವರ್ಷ ಅವರ ಸನ್ನೆಗಳ ಪಕ್ಕದಲ್ಲಿ ಅಕ್ಷರ ಬರೆದು ಬರೆದು ಹುಡುಗಿಗೆ ಸ್ವಲ್ಪ ಓದು ಹತ್ತಿಸಿದೆವು. ಅವಳಿಗೆ ಹತ್ತಾಗುವ ಹೊತ್ತಿಗೆ ಕೆಂಪಮ್ಮ ತೀರಿಕೊಂಡರು. ಅವರ ಜೊತೆ ಆ ಭಾಷೆಯ ಮುಕ್ಕಾಲು ಪಾಲು ಹೋಯಿತು. ಜಯಮ್ಮನಿಗೆ ಬರುತ್ತಿದ್ದದ್ದು ಊಟ, ಕೆಲಸ, ಹೋಗು, ಬಾ. ಕಥೆ ಹೇಳುತ್ತಿದ್ದವರು ಕೆಂಪಮ್ಮ. ನನ್ನ ನೋಟ್‌ಬುಕ್ಕಿನಲ್ಲಿ ಉಳಿದದ್ದು ಕೆಲವು ಪುಟ. ಜಗಲಿಯ ಎರಡು ವರ್ಷ ಅದರಲ್ಲಿ ಇಲ್ಲ.

ಹದಿನಾಲ್ಕರಲ್ಲಿ ಪವಿತ್ರ ನಗರದ ಹೊಲಿಗೆ ತರಬೇತಿಗೆ ಹೋದಳು. ಅಲ್ಲಿ ಅವಳಂಥ ಹುಡುಗಿಯರಿದ್ದರು. ಅವರ ಕೈಗಳಿಂದ ಕೆಲವೇ ತಿಂಗಳಲ್ಲಿ ಕಲಿತದ್ದನ್ನು ನೋಡಿದಾಗ, ಏಳನೆಯ ವಯಸ್ಸಿನಲ್ಲಿ ಅಂಥ ಜೊತೆ ಸಿಕ್ಕಿದ್ದರೆ ಅನ್ನಿಸಿತು. ಸಂಜೆ ಹಾಸ್ಟೆಲಿನಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಕೈಯಲ್ಲಿ ಮಾತಾಡುವುದನ್ನು ಆ ವಸತಿ ಶಾಲೆಯವರಿಗೂ ತಡೆಯಲಾಗುತ್ತಿರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಅಂದರೆ ತಪ್ಪು ಬಾಗಿಲಿನಿಂದಲಾದರೂ ಸರಿ, ಆ ಸೀಟು ಸಿಕ್ಕಿದ್ದರೆ ಅವಳು ಏಳರಲ್ಲೇ ಅವರ ನಡುವೆ ಇರುತ್ತಿದ್ದಳು. ಈಗ ಪಾಂಡವಪುರದಲ್ಲಿ ಅವಳದೇ ಹೊಲಿಗೆ ಅಂಗಡಿ ಇದೆ. ಅಳತೆ ತಪ್ಪುವುದಿಲ್ಲ. ಆದರೆ ಒಂದು ಅರ್ಜಿ ಓದಲು, ಆಸ್ಪತ್ರೆಯ ಚೀಟಿ ಓದಲು ಇನ್ನೊಬ್ಬರು ಬೇಕು. ಅದು ಹೋದದ್ದು ಹೋಯಿತು.

ಇದನ್ನು ನಾನು ತರಬೇತಿಗಳಲ್ಲಿ ನೂರು ಸಲ ಹೇಳಿದ್ದೇನೆ. ನನ್ನ ತಪ್ಪು, ನಮ್ಮ ನಿಯಮದ ತಪ್ಪು, ಒಂದು ಪದ್ಧತಿಯ ಕಟ್ಟು. ಮೂರೂ ಸೇರಿ ಒಂದು ಮಗುವಿನ ಓದು ಹೋಯಿತು ಅಂತ. ನನ್ನ ವಾದದಲ್ಲಿ ಎಲ್ಲರಿಗೂ ಪಾಲಿತ್ತು, ಜಯಮ್ಮನಿಗೆ ಮಾತ್ರ ಇರಲಿಲ್ಲ. ಅವಳು ಪದ್ಧತಿಯ ಕೈಗೊಂಬೆ.

ಹೋದ ತಿಂಗಳು ಆ ಮನೆಗೆ ಹೋಗಿದ್ದೆ. ಮಾದೇಗೌಡನಿಗೆ ವಯಸ್ಸಾಗಿದೆ, ಆಲೆಮನೆ ಬಿಟ್ಟಿದ್ದಾನೆ. ಜಯಮ್ಮ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು, ಭಾನುವಾರವಾದ್ದರಿಂದ ಪವಿತ್ರಾಳೂ ಪಕ್ಕದಲ್ಲಿದ್ದಳು. ನಾನು ಬರೆಯುತ್ತಿದ್ದೇನೆ ಅಂತ ಹೇಳಿ ಆ ಸಂದರ್ಶನದ ದಿನದ ಮಾತು ತೆಗೆದೆ.

"ಅವತ್ತಾ?" ಮಾದೇಗೌಡ ನಕ್ಕ. "ಸೀಟ್ ಸಿಕ್ರೆ ಅವತ್ತೇ ಅಲ್ಲೇ ಬುಟ್ ಬರ್ಬೇಕು, ಬಟ್ಟೆ ಬರೆ ತಟ್ಟೆ ಲೋಟ ತತ್ತಾ ಅಂತ ಕಾಗ್ದದಲ್ ಬರ್ದಿದ್ರು. ನಾ ಟ್ರಂಕಿಗೆಲ್ಲಾ ತುಂಬ್ಸಿ ಮಡ್ಗಿದ್ದೆ. ಇವ್ಳು ಅದ್ನ ಅಟ್ಟದ್ ಮ್ಯಾಲೇ ಬುಟ್ಬುಟ್ಟು ಬರೀ ಬುತ್ತಿ ಕಟ್ಕಂಡ್ ಒಂಟೋದ್ಲು. ಯಾಕಮ್ಮಿ ಅಂದ್ರೆ, ಮರ್ತೆ ಅಂದ್ಲು."

ಜಯಮ್ಮ ತಲೆ ಎತ್ತಲಿಲ್ಲ. ಅವರೆಕಾಯಿ ಬಿಡಿಸುವ ಬೆರಳು ಮಾತ್ರ ನಿಧಾನವಾಯಿತು. ಮುಖಗಳು ಬದಲಾದದ್ದನ್ನು ನೋಡಿ ಪವಿತ್ರ ತಾಯಿಯ ಮೊಣಕಾಲು ತಟ್ಟಿ, ಏನು, ಏನು ಅಂತ ಕೈಯಾಡಿಸಿದಳು. ಆಮೇಲೆ ನನ್ನನ್ನು ತಟ್ಟಿದಳು. ನಾನು ಅವಳಿಗೆ ಉತ್ತರ ಕೊಡದೆ ಅವಳ ತಾಯಿಯನ್ನು ಕೇಳಿದೆ.

"ಜಯಮ್ಮ, ಅವತ್ತು ಆ ಮೇಜಿನ ಮುಂದೆ ಸೆರಗು ಅಡ್ಡ ಬಂದದ್ದು ಗಂಡನ ಹೆಸರಿನ ಸಂಕೋಚಕ್ಕಾ, ಇಲ್ಲಾ ಮಗಳಿಗೆ ಕಾಣದೇ ಇರಲಿ, ನಿಮ್ಮ ಜೊತೆಗೇ ವಾಪಸ್ ಬರಲಿ ಅಂತ ನೀವೇ ಹಿಡಿದ್ರಾ?"